ಒಂದೇ ಟಾಮ್‌ಕ್ಯಾಟ್‌ನಲ್ಲಿ ಎರಡು ಆ್ಯಪ್ ಇಟ್ಟಿದ್ದೀರಾ? ಲಾಗ್ ಜಾರ್ ಎಲ್ಲಿದೆ ನೋಡಿಕೊಳ್ಳಿ

ಕೋಲಾರದಲ್ಲಿ ನಾವು ಮೂರು ಜನ ಸೇರಿ ಸಣ್ಣದಾಗಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇವೆ. ನಮ್ಮ ಸರ್ವರಿನ ಒಂದೇ ಟಾಮ್‌ಕ್ಯಾಟ್‌ನಲ್ಲಿ (ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಎರಡು ಆ್ಯಪ್ ಓಡುತ್ತಿದ್ದವು. ಒಂದು ಟೊಮ್ಯಾಟೊ ಮಂಡಿಯ ಲೆಕ್ಕದ್ದು, ಇನ್ನೊಂದು ಶಾಲೆಯ ಫೀಸಿನದ್ದು. ಎರಡರಲ್ಲೂ ಲಾಗ್, ಅಂದ್ರೆ ಆ್ಯಪ್ ಏನೇನು ಮಾಡಿತು ಅನ್ನೋ ದಾಖಲೆ, ಬರೆಯೋಕೆ ಲಾಗ್‌ಫೋರ್‌ಜೆ 1.2 ಅನ್ನೋ ಲೈಬ್ರರಿ. ಒಂದೇ ಜಾರ್ (ಲೈಬ್ರರಿಯ ಫೈಲು) ಎರಡು ಕಡೆ ಯಾಕೆ ಅಂತ ಅದನ್ನು ಎಲ್ಲ ಆ್ಯಪ್‌ಗಳೂ ಹಂಚಿಕೊಳ್ಳುವ ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿಗೆ ಎತ್ತಿ ಹಾಕಿದವನು ನಾನೇ. ಅದರಿಂದ ಉಳಿತಾಯ ಆದ ಜಾಗ ಅರ್ಧ ಎಂಬಿ!

ಜುಲೈ ಅಂದ್ರೆ ಮಂಡಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಎಲ್ಲಿ ನೋಡಿದರೂ 15 ಕೆ.ಜಿ. ಬಾಕ್ಸುಗಳು. ಹರಾಜು ಮುಗಿದ ಕೂಡಲೇ ಲಾಟ್ ನಂಬರ್, ಬಾಕ್ಸು, ರೇಟು ರೈತರ ಮೊಬೈಲಿಗೆ ಮೆಸೇಜ್ ಹೋಗಬೇಕು. ಅವತ್ತು ಬೆಳಿಗ್ಗೆ ಒಂದೂ ಹೋಗಲಿಲ್ಲ. ಮಂಡಿ ಯಜಮಾನರ ಫೋನು: "ಏನಪ್ಪಾ, ರೈತರೆಲ್ಲಾ ನನ್ ಮೇಲೆ ಬೀಳ್ತಾವ್ರೆ."

ಮಂಡಿಯ ಲಾಗ್ ತೆಗೆದರೆ ಕೊನೆಯ ಸಾಲು ಹಿಂದಿನ ರಾತ್ರಿ 11:40ರದ್ದು. ಆ್ಯಪ್ ಸತ್ತಿದೆ ಅಂದುಕೊಂಡು ಹರಾಜಿನ ಮಧ್ಯೆಯೇ ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಿದೆ. ಗುಮಾಸ್ತರು ಟೈಪ್ ಮಾಡುತ್ತಿದ್ದದ್ದೂ ಹೋಯಿತು. ಲಾಗ್ ಮಾತ್ರ ಹಾಗೇ ಖಾಲಿ. ಒಂದು ಗಂಟೆ ಒದ್ದಾಡಿದ ಮೇಲೆ ಸುಮ್ನೆ ಶಾಲೆಯ ಲಾಗ್ ತೆಗೆದೆ. ಮಂಡಿಯ ಲಾಟ್ ನಂಬರುಗಳೆಲ್ಲ ಅಲ್ಲಿ ಕೂತಿದ್ದವು, ಎಸ್ಸೆಮ್ಮೆಸ್ ಬ್ಯಾಲೆನ್ಸ್ ಮುಗಿದಿದೆ ಅನ್ನೋ ಎರರ್ ಜೊತೆಗೆ. ರೀಚಾರ್ಜ್ ಮಾಡೋಕೆ ಬೇಕಾಗಿದ್ದು ಎರಡು ನಿಮಿಷ.

ಆಗಿದ್ದಿಷ್ಟೇ. ಜಾರ್ ಹಂಚಿಕೊಂಡರೆ ಲಾಗ್‌ಫೋರ್‌ಜೆಯ ಸೆಟ್ಟಿಂಗೂ ಇಡೀ ಟಾಮ್‌ಕ್ಯಾಟ್‌ಗೆ ಒಂದೇ. ಯಾವ ಆ್ಯಪ್ ಮೊದಲು ಎದ್ದು ಲಾಗ್ ಬರೆಯುತ್ತದೋ ಅದರ ಪ್ರಾಪರ್ಟೀಸ್ ಫೈಲನ್ನು (ಲಾಗ್ ಸೆಟ್ಟಿಂಗ್ ಇರುವ ಫೈಲು) ಓದಿಕೊಂಡು ಕೂತುಬಿಡುತ್ತದೆ. ಎರಡನೆಯ ಆ್ಯಪಿನ ಫೈಲನ್ನು ಕೇಳುವವರೇ ಇಲ್ಲ. ಹಿಂದಿನ ರಾತ್ರಿ ನಮ್ಮ ಹುಡುಗ ಶಾಲೆಯ ಆ್ಯಪಿಗೆ ಡೀಬಗ್ (ಸಣ್ಣಪುಟ್ಟದ್ದನ್ನೂ ಲಾಗಿಗೆ ಬರೆಯುವ ಸೆಟ್ಟಿಂಗ್) ಹಾಕಿ ರೀಸ್ಟಾರ್ಟ್ ಮಾಡಿದ್ದ. ಅದು ಮೊದಲು ಎದ್ದಿತ್ತು. ಎಷ್ಟೋ ತಿಂಗಳು ಏನೂ ಆಗದೆ ನಡೆದಿದ್ದು ಬರೀ ಅದೃಷ್ಟ.

ಇನ್ನೂ ನಾಚಿಕೆಯ ವಿಷಯ ಮಧ್ಯಾಹ್ನದ್ದು. ನಾನು ಮಂಡಿಯಲ್ಲಿದ್ದೆ. ಶಾಲೆಯವರು ಯಾವುದೋ ರಸೀದಿ ಬಗ್ಗೆ ಕೇಳಿದರು ಅಂತ ಹುಡುಗ ಆ ಲಾಗ್ ಫೈಲನ್ನೇ ಅವರಿಗೆ ಮೇಲ್ ಮಾಡಿಬಿಟ್ಟ. ಡೀಬಗ್ ಅಲ್ವಾ, ರೈತರ ಹೆಸರು, ಮೊಬೈಲು, ಬ್ಯಾಂಕ್ ಖಾತೆ ನಂಬರು ಎಲ್ಲಾ ಅದರಲ್ಲಿ. ಶಾಲೆಯ ಕ್ಲರ್ಕೇ ಫೋನ್ ಮಾಡಿದರು: "ಸಾರ್, ಇದ್ರಲ್ಲಿ ಟೊಮ್ಯಾಟೊ ರೇಟ್ ಯಾಕಿದೆ?" ಮೇಲ್ ಅಳಿಸಿ ಅಂತ ಕೈಮುಗಿದು ಕೇಳಿಕೊಂಡೆ. ಮಂಡಿ ಯಜಮಾನರಿಗೂ ಹೇಳಲೇಬೇಕಾಯಿತು. ಬೈಸಿಕೊಂಡೆ.

ಈಗ ಲಿಬ್ ಫೋಲ್ಡರಿನ ಜಾರ್ ತೆಗೆದು, ಪ್ರತಿ ಆ್ಯಪಿನ ಸ್ವಂತ ವೆಬ್-ಇನ್ಫ್ ಫೋಲ್ಡರಿನ ಒಳಗಿನ ಲಿಬ್‌ಗೆ ಒಂದೊಂದು ಹಾಕಿದ್ದೇನೆ. ಪ್ರಾಪರ್ಟೀಸ್ ಫೈಲು ಪಕ್ಕದ ಕ್ಲಾಸಸ್ ಫೋಲ್ಡರಿನಲ್ಲಿ. ಟಾಮ್‌ಕ್ಯಾಟ್ ಮೊದಲು ಆ್ಯಪಿನ ಸ್ವಂತ ಜಾರ್ ಹುಡುಕಿ ಆಮೇಲೆ ಹಂಚಿಕೆಯದ್ದಕ್ಕೆ ಹೋಗುತ್ತದೆ, ಹಾಗಾಗಿ ಎರಡೂ ಬೇರೆ ಬೇರೆ ನಿಲ್ಲುತ್ತವೆ. ಆದರೂ ಮೊದಲ ಸಲ ಕೆಲಸ ಮಾಡಲಿಲ್ಲ. ನೋಡಿದರೆ ಟಾಮ್‌ಕ್ಯಾಟ್ ಏಳುವಾಗ ಓದುವ ಸೆಟ್‌ಎನ್ವ್ ಸ್ಕ್ರಿಪ್ಟಿನಲ್ಲಿ, ಲಾಗ್ ಸೆಟ್ಟಿಂಗ್ ಫೈಲು ಇಂಥದ್ದೇ ಅಂತ ಯಾವಾಗಲೋ ಬರೆದ ಮೈನಸ್ ಡಿ ಆಪ್ಷನ್ ಒಂದು ಉಳಿದಿತ್ತು. ಅದು ಇಡೀ ಜಾವಾ ಪ್ರಾಸೆಸ್‌ಗೆ ಅನ್ವಯಿಸುತ್ತದೆ, ನೀವು ಜಾರ್ ಎಷ್ಟು ಬೇರೆ ಮಾಡಿದರೂ ಅಷ್ಟೇ.

ಇನ್ನೊಂದು. ಲಾಗ್‌ಫೋರ್‌ಜೆ ಬಿಟ್ಟು ಕೋಡಿನಲ್ಲಿ ನೇರವಾಗಿ ಸಿಸ್ಟಮ್ ಔಟ್ ಪ್ರಿಂಟ್ ಬರೆದಿದ್ದರೆ ಅದು ಮಾಮೂಲಿಯಾಗಿ ಟಾಮ್‌ಕ್ಯಾಟ್‌ನದೇ ಆದ ಕ್ಯಾಟಲಿನಾ ಔಟ್ ಫೈಲಿಗೇ ಬೀಳುತ್ತದೆ, ಎಲ್ಲರದ್ದೂ ಕಲಸಿಕೊಂಡು. ನಮ್ಮಲ್ಲಿ ಅಂಥವು ಇನ್ನೂ ಇವೆ, ಒಂದೊಂದಾಗಿ ಕಿತ್ತು ಹಾಕುತ್ತಿದ್ದೇವೆ. 2015ರಲ್ಲೇ ಬೆಂಬಲ ನಿಂತ ಲಾಗ್‌ಫೋರ್‌ಜೆ 1 ಬಿಟ್ಟು 2ಕ್ಕೆ ಹೋಗೋದು ಅದರ ಮುಂದಿನ ಕೆಲಸ.