ತಣ್ಣಗಿದ್ದಾಗಲೇ ನೋಡಿದ ಮೇಸ್ತ್ರಿ

ನನ್ನದು 1988ರ ಪ್ರೀಮಿಯರ್ ಪದ್ಮಿನಿ ಕಾರು. ಅಪ್ಪ ಓಡಿಸುತ್ತಿದ್ದ ಗಾಡಿ. ಡಿಸೆಂಬರ್ ಬಂದರೆ ಬೆಳಿಗ್ಗೆ ಸ್ಟಾರ್ಟೇ ಆಗುತ್ತಿರಲಿಲ್ಲ. ಮಧ್ಯಾಹ್ನ ಒಂದೇ ಸಲ ಸೆಲ್ಫ್ ಹೊಡೆದರೆ ಆಗುತ್ತಿತ್ತು. ಬೇರೊಂದು ಕಡೆ ಸುಮ್ನೆ ಹೊಸ ಬ್ಯಾಟರಿ ಹಾಕಿಸಿದರು, ಇಂಜಿನ್‌ನಲ್ಲಿ ಕಿಡಿ ಹಚ್ಚುವ ಪ್ಲಗ್ ಬದಲಿಸಿದರು. ದುಡ್ಡು ಹೋಯಿತು, ತೊಂದರೆ ಹಾಗೇ ಉಳಿಯಿತು.

ಮೈಸೂರಿನ ಬನ್ನಿಮಂಟಪದ ಈ ಪುಟ್ಟ ಗ್ಯಾರೇಜಿನ ಮೇಸ್ತ್ರಿ ಗಾಡಿಯನ್ನು ರಾತ್ರಿ ಅಲ್ಲೇ ನಿಲ್ಲಿಸಿಕೊಂಡರು. "ನೀವು ಓಡಿಸ್ಕೊಂಡು ಬಂದ್ರೆ ಇಂಜಿನ್ ಬಿಸಿಯಾಗಿರುತ್ತೆ, ಗೊತ್ತಾಗಲ್ಲ ಸಾರ್" ಅಂದರು. ಬೆಳಿಗ್ಗೆ ಚೋಕ್ ಎಳೆದು ನಾಲ್ಕೈದು ಸಲ ಸೆಲ್ಫ್ ಹೊಡೆದು ಪ್ಲಗ್ ಬಿಚ್ಚಿದರು. ಕಿಡಿ ಚೆನ್ನಾಗಿತ್ತು, ಆದರೆ ಪ್ಲಗ್ ಒಣಗಿತ್ತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ತಣ್ಣನೆಯ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೇ ಆಗ ಜಾಸ್ತಿ ಬೇಕು. ಅದನ್ನು ಕೊಡುವುದೇ ಚೋಕ್ ಕೆಲಸ ಅಲ್ವಾ? ನಾನು ಚೋಕ್ ಗುಂಡಿ ಪೂರ್ತಿ ಎಳೆದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಹತ್ತಿರದ ಲಿವರ್ ಅರ್ಧಕ್ಕೇ ನಿಂತಿತು! ಗುಂಡಿಯಿಂದ ಲಿವರ್‌ಗೆ ಹೋಗುವ ಕೇಬಲ್ ಹಿಡಿದಿಡುವ ಕ್ಲ್ಯಾಂಪ್ ಜಾರಿತ್ತು, ಅಷ್ಟೇ.

ಕೇಬಲ್‌ಗೆ ಎಣ್ಣೆ ಬಿಟ್ಟು, ಕ್ಲ್ಯಾಂಪ್ ಬಿಗಿ ಮಾಡಿ 350 ರೂಪಾಯಿ ತೆಗೆದುಕೊಂಡರು. ಹೊಸ ಸಾಮಾನು ಒಂದೂ ಹಾಕಲಿಲ್ಲ. ಗ್ಯಾರೇಜಿಗೆ ಭಾನುವಾರ ರಜೆ, ಶನಿವಾರ ಜನ ಜಾಸ್ತಿ. ಇಂಥ ತೊಂದರೆ ಇದ್ದರೆ ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. ನಿನ್ನೆ ಬೆಳಿಗ್ಗೆ ಆರಕ್ಕೆ ಎರಡನೇ ಸಲ ಸೆಲ್ಫ್ ಹೊಡೆದಾಗಲೇ ಸ್ಟಾರ್ಟ್ ಆಯಿತು. ಅಮ್ಮ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತರು.