ಬೆಳಗಾವಿಯಲ್ಲಿ ಸ್ಪೀಕರ್ ವೈರ್ ತಗೊಳ್ಳುವವರು ಮೊದಲು ಬ್ಲೇಡಿನಿಂದ ಕೆರೆದು ನೋಡಿ

ಮೀಟರಿಗೆ 650 ರೂಪಾಯಿ ಕೊಟ್ಟು ಶುದ್ಧ ತಾಮ್ರ ಅಂತ ತಂದ ಸ್ಪೀಕರ್ ವೈರ್. ಒಳಗೆ ಇರುವುದು ಅಲ್ಯೂಮಿನಿಯಂ. ಮೇಲೆ ಮಾತ್ರ ತೆಳ್ಳಗೆ ತಾಮ್ರದ ಲೇಪ. 12 ಮೀಟರ್ ತಂದೆ, 7,800 ರೂಪಾಯಿ ಹೋಯಿತು. ಅದರ ಜೊತೆ ಟಿವಿಯಿಂದ ಆಂಪ್ಲಿಫೈಯರ್‌ಗೆ ಹಾಕಲು ಒಂದು ಆಪ್ಟಿಕಲ್ ಕೇಬಲ್, 2,400. ಖಡೇಬಜಾರಿನಲ್ಲಿ ಹತ್ತು ರೂಪಾಯಿಗೆ ಜಗಳ ಮಾಡುವವನು ನಾನು! ಮನೆಯಲ್ಲಿ ಈಗ ಮುಖ ಎತ್ತಿ ಮಾತಾಡುವ ಹಾಗಿಲ್ಲ. "ಇಷ್ಟ ರೊಕ್ಕದಾಗ ಇನ್ನೊಂದ್ ಜೋಡಿ ಸ್ಪೀಕರ್ ಬರ್ತಿತ್ತಲ್ರೀ" ಅಂತ ಹೆಂಡತಿ ದಿನಾ ಒಂದು ಸಲ ಅನ್ನುತ್ತಾಳೆ.

ಅಂಗಡಿಯ ಹೆಸರು ಬರೆಯುವುದಿಲ್ಲ, ಯಾರೂ ಕೇಳಬೇಡಿ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ಅಂಗಡಿಯಲ್ಲಿ ಡೆಮೊ ಕೊಡುತ್ತಾರಲ್ಲ, ಅಲ್ಲೇ ಎಲ್ಲ ಆಟ ಇರುವುದು. ಅಂಗಡಿಯವನು ಮೊದಲು ಸಾದಾ ವೈರ್ ಹಾಕಿ ಕುಮಾರ ಗಂಧರ್ವರನ್ನು ಕೇಳಿಸಿದ. ಇಲ್ಲೇ ಸುಳೇಭಾವಿಯಲ್ಲಿ ಹುಟ್ಟಿದವರು, ಅವರ ಹೆಸರಿನ ರಂಗಮಂದಿರ ನಮ್ಮೂರಲ್ಲೇ ಇದೆ. ಬೆಳಗಾವಿಯವರ ಮನಸ್ಸು ಎಲ್ಲಿ ಕರಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಆಮೇಲೆ ಹಾಡು ನಿಲ್ಲಿಸಿ, ಸ್ಪೀಕರ್ ಹಿಂದೆ ಕೂತು ದಪ್ಪನೆಯ ಕೆಂಪು ವೈರ್ ಜೋಡಿಸಿದ. ಎದ್ದು ಬಂದು ಮತ್ತೆ ಹಚ್ಚಿದ.

"ಈಗ ಕೇಳ್ರಿ ಸರ. ಬುವಾ ಅವರ ಉಸಿರು ಸೈತ ಕೇಳಸ್ತದ."

ಕೇಳಿಸಿತು ಕೂಡ. ತಂಬೂರಿ ತುಂಬಿಕೊಂಡ ಹಾಗಿತ್ತು, ತಬಲಾ ಎದುರಿಗೇ ಇದ್ದ ಹಾಗಿತ್ತು. ಮನೆಯವರಿಗೆ ತೋರಿಸೋಣ ಅಂತ ನಾನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದೆ. ಆ ವಿಡಿಯೋನೇ ಆಮೇಲೆ ಅವನ ಬಣ್ಣ ಬಯಲು ಮಾಡಿತು. ಸಾದಾ ವೈರ್ ಇದ್ದಾಗ ಆಂಪ್ಲಿಫೈಯರ್‌ನ ಪರದೆ ಮೇಲೆ ವಾಲ್ಯೂಮ್ 38. ಕೆಂಪು ವೈರ್ ಹಾಕಿದ ಮೇಲೆ 43. ವೈರ್ ಜೋಡಿಸಿ ಏಳುವಾಗ ರಿಮೋಟ್ ಒತ್ತಿದ್ದಾನೆ, ಅಷ್ಟೇ! ಒಂದೇ ಹಾಡನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಯಾರ ಕಿವಿಗಾದರೂ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಆಡಿಯೋ ಗೊತ್ತಿರುವವರು ಎರಡು ಸಾಮಾನು ಹೋಲಿಸುವಾಗ ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳುವುದು ಇದಕ್ಕೇ. ಆ ವಿಡಿಯೋದಲ್ಲಿ 43 ಬಂದ ಕೂಡಲೇ ನಾನು "ಆಹಾ" ಅಂದಿದ್ದು ಸ್ಪಷ್ಟವಾಗಿ ಕೇಳುತ್ತದೆ. ಹೆಂಡತಿಯ ತಮ್ಮ ಅದನ್ನು ತಿರುಗಿ ತಿರುಗಿ ಹಚ್ಚಿ ನಗುತ್ತಿದ್ದ.

ಅಲ್ಯೂಮಿನಿಯಂ ಅಂತ ಕಂಡುಹಿಡಿದದ್ದೂ ಅವನೇ. ಸ್ಪೀಕರ್ ಸರಿಸಿದಾಗ ವೈರ್ ಕಳಚಿತ್ತು. ತುದಿ ಮತ್ತೆ ಹೊಸೆಯಲು ಹೋದರೆ ಎಳೆಗಳು ಪಟಪಟ ಮುರಿಯುತ್ತಿವೆ. ಅವನು ಉದ್ಯಮಬಾಗದಲ್ಲಿ ಮೋಟರ್ ವೈಂಡಿಂಗ್ ಮಾಡುವವನು, ತಾಮ್ರದ ತಂತಿ ದಿನಾ ಕೈಯಲ್ಲಿ ಆಡುತ್ತದೆ. ಉಳಿದ ಸುರುಳಿ ಎತ್ತಿ ನೋಡಿ, "ಮಾಮಾ, ಇದು ತಾಮ್ರ ಅಲ್ರೀ. ಭಾಳ ಹಗುರ ಐತಿ" ಅಂದ. ಬ್ಲೇಡು ತಂದು ಒಂದು ಎಳೆ ಕೆರೆದ. ಒಳಗೆಲ್ಲ ಬೆಳ್ಳಗೆ.

ಅಂಗಡಿಗೆ ಫೋನ್ ಮಾಡಿದೆ. ಉತ್ತರ ಕೇಳಿ.

"ಸರ, ವೈರ್ ಇನ್ನಾ ಪಳಗಿಲ್ರೀ. ನೂರ್ ತಾಸು ಹಾಡು ಓಡ್ಲಿ, ಆಮ್ಯಾಲೆ ಮಾತಾಡೂಣು."

"ಪಳಗಿದ್ರ ಅಲ್ಯೂಮಿನಿಯಂ ತಾಮ್ರ ಆಗ್ತದೇನ್ರೀ?"

"ಅಲ್ಯೂಮಿನಿಯಂ ಅಲ್ರೀ ಸರ, ಒಳಗ ಬೆಳ್ಳಿ ಇರ್ತದ. ಅದಕ್ಕ ಬೆಳ್ಳಗ ಕಾಣಸ್ತದ."

ಬೆಳ್ಳಿ! ಮೀಟರಿಗೆ 650ಕ್ಕೆ ಬೆಳ್ಳಿಯ ವೈರ್ ಸಿಗುವುದಾದರೆ ಬಂಗಾರದ ಅಂಗಡಿಯವರೆಲ್ಲ ಇವನ ಬಾಗಿಲಿಗೆ ಬರುತ್ತಿದ್ದರು. ವೈರ್ ಹಿಡಿದು ಖುದ್ದಾಗಿ ಹೋದೆ. ಎದುರಿಗೇ ಕೆರೆದು ತೋರಿಸಿದೆ. ಆಗ ಮಾತು ತಿರುಗಿಸಿದ.

"ನಾ ತಾಮ್ರ ಅಂತ ಎಲ್ಲಿ ಬರದು ಕೊಟ್ಟೇನ್ರೀ? ಚೀಟಿ ತೋರಸ್ರಿ."

ಚೀಟಿಯಲ್ಲಿ "ಕೇಬಲ್" ಅಂತ ಮಾತ್ರ ಇತ್ತು. ಕಚ್ಚಾ ಬಿಲ್. ಅವತ್ತು "ಪಕ್ಕಾ ಬಿಲ್ ಬೇಕಂದ್ರ 18 ಪರ್ಸೆಂಟ್ ಜಾಸ್ತಿ ಆಗ್ತದ್ರಿ, ಸುಮ್ನ ಯಾಕ" ಅಂದಿದ್ದ. ಆ ಮಾತಿನ ಬೆಲೆ ಈಗ ತಿಳಿಯಿತು. ಅಂಗಡಿ ತುಂಬ ಗಿರಾಕಿ ಇದ್ದರು. ಅವರೆಲ್ಲರ ಎದುರಿಗೆ, "ಸರ, ಚಲೋ ಸೌಂಡ್ ಕೇಳಾಕ ಕಿವಿನೂ ತಯಾರ್ ಇರಬೇಕ್ರೀ" ಅಂದ. ಕೊಟ್ಟ ದುಡ್ಡಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು. ನನ್ನ ಕಿವಿ ಸರಿ ಇಲ್ಲವಂತೆ!

ಆಪ್ಟಿಕಲ್ ಕೇಬಲ್ಲಿನದು ಇನ್ನೊಂದು ಕಥೆ. ತುದಿಗೆ ಚಿನ್ನದ ಲೇಪ ಇದೆ ಅಂತ 2,400. "ನಮ್ಮ ಬೆಳಗಾವಿ ಮಳಿ ನಿಮಗ ಗೊತ್ತಲ್ರೀ, ಸಾದಾ ತುದಿ ಕಿಲುಬು ಹಿಡಿತದ, ಚಿನ್ನದ್ದು ಹಿಡ್ಯಾಂಗಿಲ್ಲ" ಅಂದಿದ್ದ. ಕೆಂಪು ಬಿಳಿ ಆರ್‌ಸಿಎ ಪಿನ್ನಿಗಾದರೆ ಈ ಮಾತಿಗೆ ಒಂದಿಷ್ಟು ಅರ್ಥ ಇದೆ, ಯಾಕೆಂದರೆ ಅಲ್ಲಿ ಕರೆಂಟು ಲೋಹದಿಂದ ಲೋಹಕ್ಕೆ ಹೋಗಬೇಕು. ಆದರೆ ಆಪ್ಟಿಕಲ್ಲಿನಲ್ಲಿ ಹೋಗುವುದು ಬೆಳಕು! 1983ರಲ್ಲಿ ತೋಷಿಬಾದವರು ತಂದ ಜೋಡಣೆ ಇದು. ಟಿವಿಯ ಆ ಕಿಂಡಿಯಲ್ಲಿ ಕೆಂಪು ಬೆಳಕು ಕಾಣುತ್ತದಲ್ಲ, ಅದೇ ಒಂದು ಎಳೆಯೊಳಗೆ ಹರಿದು ಆಂಪ್ಲಿಫೈಯರ್ ಸೇರುತ್ತದೆ. ತುದಿಯ ಚಿನ್ನ ಅಲ್ಲಿ ಬರೀ ಶೋಕಿಗೆ. ಹೋಗುವುದೂ ಡಿಜಿಟಲ್ ಸಂಕೇತ. ಸರಿಯಾಗಿ ತಲುಪಿದರೆ ಪೂರ್ತಿ ತಲುಪುತ್ತದೆ, ಇಲ್ಲದಿದ್ದರೆ ಹಾಡು ತುಂಡಾಗುತ್ತದೆ. "ಬೇಸ್ ಮೆತ್ತಗ ಬರ್ತದ" ಅನ್ನುವುದೆಲ್ಲ ಸುಳ್ಳು. ಇದನ್ನು ಕೇಳಿದಾಗ ಅವನು ಮೊಬೈಲ್ ನೋಡುತ್ತಾ "ಕಂಪನಿಯವ್ರ್ ಹಂಗ ಮಾಡ್ಯಾರ್ರಿ, ನಾ ಏನ್ ಮಾಡ್ಲಿ" ಅಂದ.

ನಿಜ ಹೇಳಬೇಕೆಂದರೆ ನಮ್ಮ ಹಾಲಿನಂಥ ಜಾಗಕ್ಕೆ ದುಬಾರಿ ವೈರ್ ಬೇಕೇ ಇಲ್ಲ. ಸ್ಪೀಕರ್ 5 ಮೀಟರ್ ದೂರ ಇದೆ ಅನ್ನಿ. 1.5 ಚದರ ಮಿಲಿಮೀಟರ್ ದಪ್ಪದ ಅಸಲಿ ತಾಮ್ರ ಹಾಕಿದರೆ ಹೋಗಿ ಬರುವ ಎರಡೂ ಎಳೆ ಸೇರಿ ಪ್ರತಿರೋಧ, ಅಂದರೆ ಕರೆಂಟಿಗೆ ಆಗುವ ಅಡ್ಡಿ, 0.12 ಓಮ್ ಒಳಗೇ. ಎದುರಿಗೆ ಇರುವುದು 8 ಓಮ್ ಸ್ಪೀಕರ್, ಅದರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆಕ್ಸಿಜನ್ ಇಲ್ಲದ ತಾಮ್ರ ಅಂತ ಹೇಳಿ ದುಪ್ಪಟ್ಟು ದರ ಹಚ್ಚುತ್ತಾರೆ, ಅದರ ವಾಹಕತೆ ಸಾದಾ ತಾಮ್ರಕ್ಕಿಂತ ಸುಮಾರು ಶೇ 1 ಜಾಸ್ತಿ ಅಷ್ಟೇ. ಅಲ್ಯೂಮಿನಿಯಂದಾದರೆ ಪ್ರತಿರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಜಾಸ್ತಿ. ಹತ್ತಿರದ ಸ್ಪೀಕರಿಗೆ ಅದು ಹಾಡಿನಲ್ಲಿ ಕೇಳಿಸದೇ ಇರಬಹುದು. ಆದರೆ ತಾಮ್ರದ ದುಡ್ಡು ಇಸಕೊಂಡು ಅಲ್ಯೂಮಿನಿಯಂ ಕೊಟ್ಟರೆ ಅದು ಮೋಸ ತಾನೇ? ಅದೂ ಎಳೆ ಮುರಿಯುವಂಥ ಮಾಲು!

ವೈರ್ ತರಲು ಹೋದರೆ ತುದಿ ಕತ್ತರಿಸಿ, ಕೆರೆದು ನೋಡಿ. ಕೆಲವು ಅಸಲಿ ತಾಮ್ರಕ್ಕೂ ಮೇಲೆ ತವರದ ಲೇಪ ಇರುತ್ತದೆ, ಅದು ಹೊರಗೆ ಬಿಳಿ, ಕೆರೆದರೆ ಒಳಗೆ ಕೆಂಪು. ನಮ್ಮದು ಉಲ್ಟಾ. ಡೆಮೊ ಕೊಟ್ಟರೆ ರಿಮೋಟ್ ನಿಮ್ಮ ಕೈಗೆ ಇಸಕೊಳ್ಳಿ, ಪರದೆ ಮೇಲಿನ ನಂಬರ್ ನೋಡುತ್ತಿರಿ. ಪಕ್ಕಾ ಬಿಲ್ ಕೇಳಿ, ಅದರಲ್ಲಿ "ತಾಮ್ರ" ಅಂತ ಬರೆಸಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ ದೋಷ ಇರುವ ಸಾಮಾನನ್ನು 30 ದಿನದೊಳಗೆ ವಾಪಸ್ ತಗೊಳ್ಳದೆ ಇರುವುದೂ ತಪ್ಪು. "ಮಾರಿದ ಮಾಲು ವಾಪಸ್ ಇಲ್ಲ" ಅಂತ ಗೋಡೆಗೆ ಬೋರ್ಡು ಹಚ್ಚಿದರೆ ಕಾನೂನು ಬದಲಾಗುವುದಿಲ್ಲ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಚೀಟಿ, ವಿಡಿಯೋ, ಕೆರೆದ ವೈರಿನ ಫೋಟೋ ಎಲ್ಲ ಜೋಡಿಸಿ ಇಟ್ಟಿದ್ದೇನೆ. ವಿಷಯ ಅವನ ಕಿವಿಗೂ ಬಿದ್ದಿರಬೇಕು, ಮೊನ್ನೆ ತಾನಾಗಿಯೇ ಫೋನ್ ಮಾಡಿದ. ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡೆ.

"ಸರ, ಜಗಳ ಯಾಕ್ರೀ. ಆ ವೈರ್ ತಂದ್ ಕೊಡ್ರಿ, ಮ್ಯಾಲ ಮೂರ್ ಸಾವಿರ ಹಾಕ್ರಿ. ಇಂಪೋರ್ಟೆಡ್ ಮಾಲ್ ಬಂದೈತಿ."

ಫೋನ್ ಇಟ್ಟುಬಿಟ್ಟೆ. ಕರೆಂಟ್ ಸಾಮಾನು ಮಾರುವ ಅಂಗಡಿಯಿಂದ ಸಾದಾ ತಾಮ್ರದ ಎರಡೆಳೆ ವೈರ್ ತಂದು ಹಾಕಿದ್ದೇನೆ. ಮೀಟರಿಗೆ ನೂರು ರೂಪಾಯಿ ಕೂಡ ಆಗಲಿಲ್ಲ, ಪಕ್ಕಾ ಬಿಲ್ ಕೇಳದೇನೇ ಕೊಟ್ಟರು.