ಆಫೀಸಿನವ್ರು ಕಳ್ಸಿದ ‘ವಿಮೆನ್ ಲೀಡರ್‌ಶಿಪ್’ ಕೋರ್ಸು: 5ಕ್ಕೆ 3 ಸ್ಟಾರು

ಆರು ಶನಿವಾರದ ಕೋರ್ಸು, ಬೆಳಗ್ಗೆ ಒಂಬತ್ತೂವರೆಯಿಂದ ನಾಲ್ಕರ ತನಕ, ಜಯನಗರ 4ನೇ ಬ್ಲಾಕ್ ಹತ್ರ ಒಂದು ಹೋಟ್ಲಿನ ಮೇಲ್ಗಡೆ ಹಾಲಲ್ಲಿ. ಫೀಸು ತಲೆಗೆ 45,000, ಮೇಲೆ 18% ಜಿಎಸ್‌ಟಿ, ಒಟ್ಟು 53,100. ಕೊಟ್ಟಿದ್ದು ಕಂಪ್ನಿ, ನಾನಲ್ಲ (ಈ ಮಾತು ಕೊನೇಲಿ ಮತ್ತೆ ಬರತ್ತೆ). ನಡೆಸೋರ ಹೆಸ್ರು ಹಾಕಲ್ಲ, ಹಾಕಿದ್ರೆ ನಮ್ ಕಂಪ್ನಿ ಯಾವ್ದು ಅಂತ ಗೊತ್ತಾಗ್ಬಿಡತ್ತೆ. ನಿಮ್ ಆಫೀಸಲ್ಲೂ ಇಂಥದ್ದಕ್ಕೆ ನಿಮ್ಮನ್ನ ನಾಮಿನೇಟ್ ಮಾಡಿದ್ರೆ ಓದ್ಕೊಳ್ಳಿ.

ಮೊದ್ಲು ನಾನ್ಯಾಕೆ ಹೋದೆ ಅಂತ ಹೇಳ್ಬೇಕು, ಇಲ್ದಿದ್ರೆ ಸ್ಟಾರು ಯಾಕೆ ಕಟ್ ಮಾಡ್ದೆ ಅಂತ ಅರ್ಥ ಆಗಲ್ಲ. ಔಟರ್ ರಿಂಗ್ ರೋಡಲ್ಲಿರೋ ಸಾಫ್ಟ್‌ವೇರ್ ಕಂಪ್ನಿ, ಸುಮಾರು 600 ಜನ. ಕೆಳಗಡೆ ಹತ್ತು ಜನ್ರಲ್ಲಿ ನಾಲ್ಕು ಜನ ಹೆಣ್ಮಕ್ಳು. ವೆಬ್‌ಸೈಟಿನ ಲೀಡರ್‌ಶಿಪ್ ಪೇಜ್ ತೆಗೆದ್ರೆ ಒಂಬತ್ತು ಫೋಟೋ, ಎಂಟು ಗಂಡಸ್ರು, ಅದ್ರಲ್ಲಿ ಆರು ಜನ ಒಂದೇ ಕಾಲೇಜು, ಹೆಚ್ಚೂಕಮ್ಮಿ ಒಂದೇ ಬ್ಯಾಚು. ಒಂಬತ್ನೇದು ಎಚ್‌ಆರ್ ಹೆಡ್ ಮೇಡಂ. ಪಾಪ ಮಾರ್ಚ್ 8ರ ಗುಲಾಬಿ, ಕಪ್‌ಕೇಕು ಅವ್ರೇ, ಸಿಎಸ್‌ಆರ್ (ಕಂಪ್ನಿ ದುಡ್ಡಲ್ಲಿ ಮಾಡೋ ಸಮಾಜಸೇವೆ) ಅವ್ರೇ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಆಂತರಿಕ ಸಮಿತಿಗೆ ಹಿರಿಯ ಹುದ್ದೇಲಿರೋ ಹೆಂಗಸೇ ಅಧ್ಯಕ್ಷೆ ಆಗ್ಬೇಕಲ್ಲ, ಅದೂ ಅವ್ರೇ. ಅವ್ರು ಒಂದಿನ ರಜ ಹಾಕಿದ್ರೆ ಕಂಪ್ನಿಯ ಡೈವರ್ಸಿಟಿನೇ ರಜ.

ಮೀಟಿಂಗ್ ಇಂಗ್ಲಿಷಲ್ಲಿ ನಡೆಯತ್ತೆ, ಮುಗಿದ್ಮೇಲೆ ಬಾಗ್ಲಲ್ಲಿ ನಿಂತ್ಕೊಂಡು ಅವ್ರವ್ರ ಭಾಷೇಲಿ ಐದು ನಿಮಿಷ ಮಾತಾಡ್ಕೋತಾರೆ, ನಿಜವಾದ ಡಿಸಿಷನ್ ಆಗೋದು ಅಲ್ಲೇ, ಅಲ್ಲಿ ಆಗ್ದೇ ಉಳಿದಿದ್ದು ಭಾನುವಾರದ ಬಾಕ್ಸ್ ಕ್ರಿಕೆಟ್ಟಲ್ಲಿ. ಕನ್ನಡ ಕೇಳ್ಸೋದು ಸೆಕ್ಯುರಿಟಿ ಗೇಟು, ಕ್ಯಾಬು, ಕ್ಯಾಂಟೀನಲ್ಲಿ. ನಮ್ ಹಾಸನದೋರೇ ಎಂಟು ಜನ ಮೇಲೆ ಕೂತಿದ್ರೂ ಬಾಗ್ಲಲ್ಲಿ ನಿಂತು ಇದೇ ಮಾಡ್ತಿದ್ರೇನೋ, ಅದನ್ನೂ ಒಪ್ಕೋತೀನಿ.

ನಂದು 11 ವರ್ಷ ಎಕ್ಸ್‌ಪೀರಿಯೆನ್ಸು, ಕೋರ್ಸಿಗೆ ಹೋದಾಗ ಇಲ್ಲಿ 4 ವರ್ಷ 4 ತಿಂಗ್ಳು ಆಗಿತ್ತು. 26 ವಾರದ ಹೆರಿಗೆ ರಜ ಕಾನೂನು ಪ್ರಕಾರ ಕೊಟ್ರು, ತಕರಾರಿಲ್ಲ. ವಾಪಸ್ ಬಂದ್ಮೇಲೆ ಪ್ರಮೋಷನ್ ಕೇಳಿದ್ರೆ ಈ ಸಲ ಅರ್ಧ ವರ್ಷದ ಕೆಲ್ಸ ಮಾತ್ರ ಕಾಣ್ತಿದೆ, ಮುಂದಿನ ಅಪ್ರೈಸಲ್ ಸೈಕಲ್ ನೋಡೋಣ ಅಂದ್ರು. ಮುಂದಿನ ಸೈಕಲ್ಲಲ್ಲಿ ಎಕ್ಸಿಕ್ಯುಟಿವ್ ಪ್ರೆಸೆನ್ಸ್ ಸ್ವಲ್ಪ ಕಮ್ಮಿ ಅಂದ್ರು. ಹಂಗಂದ್ರೆ ಏನು ಸಾರ್ ಅಂತ ಕೇಳಿದ್ದಕ್ಕೆ ಈ ಕೋರ್ಸು ಕೊಟ್ರು.

ಮೊದಲ್ನೇ ಮೂರು ಶನಿವಾರಕ್ಕೆ ನಾನು ಕೊಡೋದು ಒಂದೇ ಸ್ಟಾರು. ಗಟ್ಟಿಯಾಗಿ ಮಾತಾಡಿ, ಮಾತು ಮಾತಿಗೂ ಸಾರಿ ಅನ್ಬೇಡಿ, ಕುರ್ಚೀಲಿ ಮುದುರ್ಕೊಂಡು ಕೂರ್ಬೇಡಿ, ಅಗಲವಾಗಿ ಕೂತ್ಕೊಳ್ಳಿ. ನಿಜವಾಗ್ಲೂ 22 ಜನ ಹೆಂಗಸ್ರನ್ನ ಕೂರ್ಸಿ ಅಗಲವಾಗಿ ಕೂರೋದನ್ನ ಪ್ರಾಕ್ಟೀಸ್ ಮಾಡ್ಸಿದ್ರು. ನನ್ ಪಕ್ಕದಲ್ಲಿದ್ದ ಬ್ಯಾಂಕಿನ ಮೇಡಂ, 19 ವರ್ಷ ಸರ್ವೀಸು, “ಮೊದ್ಲು ಕುರ್ಚಿ ಕೊಡ್ಲಿ ಕಣ್ರೀ, ಹೆಂಗ್ ಕೂರ್ಬೇಕು ನಾವು ನೋಡ್ಕೋತೀವಿ” ಅಂದ್ರು, ಅಲ್ಲಿಂದ ನಮ್ಗೆ ನಗು ತಡ್ಕೊಳ್ಳೋದೇ ಕಷ್ಟ ಆಯ್ತು.

ನಾಲ್ಕನೇ ಶನಿವಾರ ಬೇರೆ ಟ್ರೈನರ್. ಅರವತ್ತು ದಾಟಿರೋ ಅಮ್ಮ, ಸರ್ಕಾರಿ ಫ್ಯಾಕ್ಟ್ರೀಲಿ ಪರ್ಸನೆಲ್ (ಈಗಿನ ಎಚ್‌ಆರ್) ಡಿಪಾರ್ಟ್‌ಮೆಂಟಲ್ಲಿದ್ದು ರಿಟೈರ್ ಆದವ್ರು. ಸ್ಲೈಡು ಗೀಡು ಏನಿಲ್ಲ, ಒಂದೊಂದು ಬಿಳಿ ಹಾಳೆ ಕೊಟ್ಟು, ಹಿಂದಿನ ಮೂರು ಅಪ್ರೈಸಲ್ಲಲ್ಲಿ ನಿಮ್ ಲೆವೆಲ್‌ನಿಂದ ಮೇಲೆ ಹೋದವ್ರ ಹೆಸ್ರು ಬರೀರಿ, ಪಕ್ಕದಲ್ಲಿ ಅವ್ರು ನಿಮ್ ಲೆವೆಲ್ಲಲ್ಲಿ ಎಷ್ಟು ವರ್ಷ ಕಾದ್ರು ಅಂತ ಬರೀರಿ ಅಂದ್ರು. ನನ್ ಹಾಳೇಲಿ ಏಳು ಹೆಸ್ರು, ಏಳೂ ಗಂಡಸ್ರು, ಯಾರೂ ಎರಡು ವರ್ಷಕ್ಕಿಂತ ಜಾಸ್ತಿ ಕಾದಿಲ್ಲ. ಅದೇ ಲೆವೆಲ್ಲಲ್ಲಿ ನಾಲ್ಕು ವರ್ಷ ದಾಟಿ ಕೂತಿರೋ ಹೆಂಗಸ್ರು ಮೂರು ಜನ, ನನ್ನನ್ನೂ ಸೇರ್ಸಿ. ಆ ಅಮ್ಮ ಹಾಳೆ ನೋಡಿ, “ಈ ಮೂರೂ ಜನದ ದನೀನೂ ಸಣ್ಣದೇನಮ್ಮಾ?” ಅಂತ ಕೇಳಿದ್ರು. ಎರಡು ವರ್ಷದಿಂದ ನನ್ ತಲೇಲಿ ಕೂತಿದ್ದ ‘ನಂದೇ ಏನೋ ಕೊರತೆ’ ಅನ್ನೋದು ಅವತ್ತು ಎದ್ದು ಹೋಯ್ತು.

ಆಮೇಲೆ ಅವ್ರು ಹೇಳಿದ್ದು ಪೂರ್ತಿ ಕೆಲಸಕ್ಕೆ ಬರೋ ವಿಷಯ. 2013ರ ಕಂಪ್ನಿ ಕಾಯ್ದೆ 149ನೇ ಸೆಕ್ಷನ್ ಪ್ರಕಾರ ಲಿಸ್ಟೆಡ್ (ಷೇರು ಪೇಟೇಲಿರೋ) ಕಂಪ್ನಿಗಳ ಬೋರ್ಡಲ್ಲಿ ಒಬ್ಬ ಮಹಿಳಾ ಡೈರೆಕ್ಟರ್ ಆದ್ರೂ ಇರ್ಲೇಬೇಕು, ಲಿಸ್ಟ್ ಆಗ್ದಿರೋ ಪಬ್ಲಿಕ್ ಕಂಪ್ನಿಗೂ ಪೇಡ್ ಅಪ್ ಬಂಡವಾಳ (ಷೇರುದಾರರು ಹಾಕಿರೋ ದುಡ್ಡು) 100 ಕೋಟಿ ಅಥ್ವಾ ವಹಿವಾಟು 300 ಕೋಟಿ ಇದ್ರೆ ಇದೇ ರೂಲು. ನಮ್ದು ಪ್ರೈವೇಟ್ ಲಿಮಿಟೆಡ್, ಈ ರೂಲೇ ಇಲ್ಲ, ಯಾರೂ ಕೇಳಲ್ಲ. ಬೇರೆ ಕಡೆ ಕೆಲ್ಸ ಹುಡ್ಕೋದಾದ್ರೆ, ಮಾರ್ಕೆಟ್ ಕ್ಯಾಪಲ್ಲಿ (ಎಲ್ಲಾ ಷೇರುಗಳ ಒಟ್ಟು ಬೆಲೇಲಿ) ಮೊದಲ 1000 ಲಿಸ್ಟೆಡ್ ಕಂಪ್ನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅಂತ ಒಂದು ರಿಪೋರ್ಟ್ ಕೊಡ್ಲೇಬೇಕು, ಅದ್ರಲ್ಲಿ ಬೋರ್ಡಲ್ಲಿ ಎಷ್ಟು ಜನ ಹೆಂಗಸ್ರು, ಗಂಡಸ್ರು ಹೆಂಗಸ್ರು ಬೇರೆ ಬೇರೆಯಾಗಿ ಮೂರು ವರ್ಷದಲ್ಲಿ ಎಷ್ಟು ಪರ್ಸೆಂಟ್ ಕೆಲ್ಸ ಬಿಟ್ರು, ಹೆರಿಗೆ ರಜದಿಂದ ವಾಪಸ್ ಬಂದವ್ರು ಎಷ್ಟು, ಬಂದು ಉಳ್ಕೊಂಡವ್ರು ಎಷ್ಟು, ಎಲ್ಲಾ ಇರತ್ತೆ. ಆ್ಯನ್ಯುವಲ್ ರಿಪೋರ್ಟಿನ ಜೊತೆಗೇ ಸಿಗತ್ತೆ. ಬೋರ್ಡಿನ ಫೋಟೋ ನೋಡ್ಬೇಡಿ, ಕೊನೇ ಎರಡು ನಂಬರ್ ನೋಡಿ ಅಂದ್ರು. ನಾನು 11 ವರ್ಷದಲ್ಲಿ ಒಂದು ಸಲಾನೂ ತೆಗ್ದು ನೋಡಿರ್ಲಿಲ್ಲ.

ಆ ಅಮ್ಮ ಕೆಲ್ಸ ಬಿಡಿ ಅಂತಾನೂ ಹೇಳ್ಲಿಲ್ಲ, ಇರಿ ಅಂತಾನೂ ಹೇಳ್ಲಿಲ್ಲ. ಬ್ಯಾಂಕಿನ ಮೇಡಂ ಇರ್ತೀನಿ ಅಂದ್ರು, ಅವ್ರಲ್ಲಿ ಪ್ರಮೋಷನ್‌ಗೆ ಎಕ್ಸಾಮು, ಸೀನಿಯಾರಿಟಿ ಅಂತ ಏನೋ ಒಂದು ಲೆಕ್ಕ ಇದೆ, ನಿಧಾನ ಆದ್ರೂ ಸಾಲು ಮುಂದಕ್ಕೆ ಹೋಗತ್ತೆ. ಇನ್ನೊಬ್ಳು ಹುಡುಗಿ ಹೋಮ್ ಲೋನು, ಮಗೂನ ಸ್ಕೂಲು ಆಫೀಸ್ ಪಕ್ಕದಲ್ಲೇ, ಎಲ್ಲಿಗೆ ಹೋಗ್ಲಿ ಅಕ್ಕಾ ಅಂದ್ಳು. ಅದನ್ನ ಧೈರ್ಯ ಇಲ್ಲ ಅನ್ನೋಕಾಗಲ್ಲ, ಬೆಳ್ಳಂದೂರಿನ ಟ್ರಾಫಿಕ್ಕಲ್ಲಿ ಮಗು ಕರ್ಕೊಂಡು ಓಡಾಡಿದೋರಿಗೆ ಗೊತ್ತು.

ನಾನು ಮನೇಲಿ ಲೆಕ್ಕ ಹಾಕ್ದೆ. ಐದು ವರ್ಷ ತುಂಬಿದ್ರೆ ಗ್ರಾಚ್ಯುಟಿ (ಕೆಲ್ಸ ಬಿಡೋವಾಗ ಕಂಪ್ನಿ ಕೊಡೋ ಇಡಿಗಂಟು), ಆಗಿನ ಲೆಕ್ಕದ ಪ್ರಕಾರ ಕೊನೇ ತಿಂಗ್ಳ ಬೇಸಿಕ್ಕನ್ನ 26ರಿಂದ ಭಾಗ್ಸಿ, 15ರಿಂದ, ಆಮೇಲೆ ಕೆಲ್ಸ ಮಾಡಿದ ವರ್ಷದಿಂದ ಗುಣ್ಸಿದ್ರೆ ನಂಗೆ ಹತ್ತತ್ರ ಎರಡು ಲಕ್ಷ. ಅದನ್ಯಾಕೆ ಬಿಡ್ಲಿ. 90 ದಿನದ ನೋಟೀಸು ಮುಗಿಯೋ ಹೊತ್ಗೆ ಐದು ತುಂಬೋ ಹಾಗೆ ನೋಡ್ಕೊಂಡು ಪೇಪರ್ ಹಾಕ್ದೆ. ಹೊಸಾ ಕಂಪ್ನಿ ಇಂಟರ್ವ್ಯೂಲಿ ನಾನೇ ಕೇಳ್ದೆ, ನಿಮ್ಮಲ್ಲಿ ಡೈರೆಕ್ಟರ್ ಆಗಿರೋ ಹೆಂಗಸ್ರಲ್ಲಿ ಒಳಗಿಂದ ಮೇಲೆ ಬಂದವ್ರು ಎಷ್ಟು ಜನ ಅಂತ. ಐದು ಜನ್ರಲ್ಲಿ ಮೂವರು ಅಂದ್ರು, ಅವ್ರಲ್ಲಿ ಒಬ್ರ ಜೊತೆ ಫೋನಲ್ಲೂ ಮಾತಾಡ್ಸಿದ್ರು.

ರಾಜೀನಾಮೆ ಕೊಟ್ಟಾಗ ನಮ್ ಸಾಹೇಬ್ರು ಅಂದಿದ್ದು, “ಅಯ್ಯೋ, ಮುಂದಿನ ಸೈಕಲ್ಲಲ್ಲಿ ನಿಮ್ದೇ ಇತ್ತಲ್ಲ!”

ಐದು, ಆರನೇ ಶನಿವಾರ ಮತ್ತೆ ಹಳೇ ಟ್ರೈನರ್, ಲಿಂಕ್ಡ್‌ಇನ್ ಪ್ರೊಫೈಲು, ಗ್ರೂಪ್ ಫೋಟೋ, ಸರ್ಟಿಫಿಕೇಟು.

ಇನ್ನು ದುಡ್ಡಿನ ವಿಷಯ. ನಾಮಿನೇಷನ್ ಫಾರಂ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು, 12 ತಿಂಗ್ಳೊಳಗೆ ಕೆಲ್ಸ ಬಿಟ್ರೆ ಕೋರ್ಸಿನ ಫೀಸು ವಸೂಲಿ. ಫುಲ್ ಅಂಡ್ ಫೈನಲ್ಲಲ್ಲಿ (ಕೆಲ್ಸ ಬಿಡೋವಾಗಿನ ಕೊನೇ ಲೆಕ್ಕದಲ್ಲಿ) 53,100 ಕಟ್ ಆಗತ್ತಂತೆ. ಅಂದ್ರೆ ಕೋರ್ಸು ಕೊನೆಗೂ ನನ್ ದುಡ್ಡಲ್ಲೇ ಮಾಡಿದ್ದು, ಆ ಹಕ್ಕಿನ ಮೇಲೇ ಈ ರಿವ್ಯೂ. ಸಹಿ ಹಾಕೋಕ್ ಮುಂಚೆ ಆ ಸಾಲು ಓದ್ಕೊಳ್ಳಿ. ಪಾರ್ಕಿಂಗ್ ಇಲ್ಲ, ಮೆಟ್ರೋದಲ್ಲಿ ಹೋಗಿ. ಎಷ್ಟೇ ಬೋರಾದ್ರೂ ನಾಲ್ಕನೇ ಶನಿವಾರ ಮಾತ್ರ ತಪ್ಪಿಸ್ಕೋಬೇಡಿ, ಅವತ್ತು ಮಧ್ಯಾಹ್ನ ಬಿಸಿಬೇಳೆಬಾತೂ ಚೆನ್ನಾಗಿತ್ತು.